ಹಳೆಯ ಹಿಂದಿ ಕಥೆಯನ್ನು ಇಂದಿನ ಕಿವಿಗೆ ಓದುವುದು: ಗಟ್ಟಿ ಓದಿಗೊಂದು ಸಮಗ್ರ ಮಾರ್ಗದರ್ಶಿ

ಪುಸ್ತಕ ಹಿಡಿದು ಓದುವವರು ಅರ್ಥವಾಗದ ಸಾಲಿಗೆ ಮತ್ತೆ ಹೋಗಬಹುದು. ಕೇಳುವವರಿಗೆ ಆ ಸೌಕರ್ಯವಿಲ್ಲ. ಹಾಗಾಗಿ ನೂರು ವರ್ಷ ಹಳೆಯ ಹಿಂದಿ ಕಥೆಯನ್ನು ಓದಲು ಕೂತವರಿಗೆ ಮೊದಲು ಹೊಳೆಯುವ ಉಪಾಯ, ಹಳೆಯ ಪದ ತೆಗೆದು ಹೊಸ ಪದ ಹಾಕುವುದು, ಉದ್ದ ವಾಕ್ಯವನ್ನು ತುಂಡರಿಸುವುದು. ದಯವಿಟ್ಟು ಇದನ್ನು ಮಾಡಬೇಡಿ. ಹಿಂದಿ ಕಥೆಗಾರ ಪ್ರೇಮಚಂದರ ವಾಕ್ಯ ಕೇಳುಗರಿಗೆ ಕಷ್ಟವಾಗುವುದು ಪದದಿಂದಲ್ಲ, ಓದುವವರು ತಪ್ಪು ಜಾಗದಲ್ಲಿ ಉಸಿರು ತೆಗೆದುಕೊಳ್ಳುವುದರಿಂದ. ಪಠ್ಯ ಇದ್ದ ಹಾಗೇ ಇರಲಿ. ಉಸಿರು ಎಲ್ಲಿ, ಒತ್ತು ಯಾವ ಪದಕ್ಕೆ, ಓದಿಗೆ ಮುಂಚೆ ಏನು ಹೇಳಬೇಕು ಎಂಬುದಷ್ಟೇ ನಿಮ್ಮ ಕೆಲಸ.

ಯಾವ ಕಥೆ, ಎಷ್ಟು ಹೊತ್ತು

ಕಥೆ ಓದಲು ನಿಮಿಷಕ್ಕೆ 115ರಿಂದ 130 ಹಿಂದಿ ಪದ ಹದವಾದ ವೇಗ. 150 ದಾಟಿದರೆ ವಾರ್ತೆ ಓದಿದ ಹಾಗಾಗುತ್ತದೆ. 100ಕ್ಕಿಂತ ಇಳಿದರೆ ಇನ್ನೊಂದು ತೊಂದರೆ: ಹಿಂದಿಯಲ್ಲೂ ನಮ್ಮ ಹಾಗೆ ಕ್ರಿಯಾಪದ ಕೊನೆಗೆ ಬರುತ್ತದೆ, ಅದು ಬರುವಷ್ಟರಲ್ಲಿ ಕರ್ತೃ ಯಾರು ಎಂಬುದು ಕೇಳುಗರಿಗೆ ಮರೆತಿರುತ್ತದೆ. ಒಂದು ಪುಟದ ಪದಗಳನ್ನು ಎಣಿಸಿ, ಪುಟಗಳಿಂದ ಗುಣಿಸಿ, 120ರಿಂದ ಭಾಗಿಸಿ. ಬಂದ ನಿಮಿಷಕ್ಕೆ ಹತ್ತರಲ್ಲೊಂದು ಭಾಗ ಸೇರಿಸಿ. ಒಂದೇ ಕೂರಿಕೆಗೆ 25 ನಿಮಿಷ ಮೀರದಿದ್ದರೆ ಒಳ್ಳೆಯದು.

ಮೊದಲ ಬಾರಿಗೆ ಓದುವವರಿಗೆ ಪ್ರೇಮಚಂದರ ‘ಪೂಸ್ ಕೀ ರಾತ್’ (1930) ಹೇಳಿ ಮಾಡಿಸಿದಂಥದು. ಹಲ್ಕೂ, ಅವನ ಹೆಂಡತಿ ಮುನ್ನಿ, ನಾಯಿ ಜಬರಾ: ಹೆಚ್ಚುಕಮ್ಮಿ ಇಷ್ಟೇ ಪಾತ್ರ, ಚಳಿಯ ಒಂದು ರಾತ್ರಿ. ಕಿವಿಗೆ ಗೊಂದಲವಿಲ್ಲ. ‘ಈದ್‌ಗಾಹ್’ (1933) ಎಲ್ಲರಿಗೂ ಇಷ್ಟ, ಆದರೆ ಉದ್ದ; ಹುಡುಗರು ಜಾತ್ರೆಯ ಅಂಗಡಿಗಳ ಕಡೆ ತಿರುಗುವಲ್ಲಿ ನಿಲ್ಲಿಸಿ ಎರಡು ಕಂತು ಮಾಡಿ. ಚಂದ್ರಧರ ಶರ್ಮಾ ಗುಲೇರಿಯವರ ‘ಉಸ್ನೇ ಕಹಾ ಥಾ’ (1915) ಅದ್ಭುತ ಕಥೆ, ಆದರೆ ಅದರ ಕೊನೆಯ ಭಾಗ ಹೊಸಬರಿಗಲ್ಲ. ಯುದ್ಧದಲ್ಲಿ ಗಾಯಗೊಂಡ ಲಹನಾಸಿಂಗನ ಮನಸ್ಸು ಅಮೃತಸರದ ಬಾಲ್ಯಕ್ಕೂ ಫ್ರಾನ್ಸಿನ ಕಂದಕಕ್ಕೂ ನಡುವೆ ಓಡಾಡುತ್ತಿರುತ್ತದೆ, ಮಧ್ಯೆ ಮಧ್ಯೆ ‘ವಜ಼ೀರಾ, ಪಾನೀ ಪಿಲಾ’ ಎಂಬ ಕೋರಿಕೆ. ಕಣ್ಣಿಗೆ ಪ್ಯಾರಾ ಬದಲಾದದ್ದು ಕಾಣುತ್ತದೆ, ಕಿವಿಗೆ ಕಾಣುವುದಿಲ್ಲ. ಇದನ್ನು ಓದಲೇಬೇಕೆಂದರೆ ನೆನಪಿನ ಭಾಗವನ್ನು ಸಹಜ ದನಿಯಲ್ಲಿ, ಈಗಿನ ಭಾಗವನ್ನು ಇನ್ನೂ ತಗ್ಗಿಸಿ ಓದಿ. ಪ್ರತಿ ಬದಲಾವಣೆಗೂ ಪೂರ್ತಿ ಎರಡು ಸೆಕೆಂಡ್ ಮೌನ ಕೊಡಿ. ಆ ಎರಡು ಸೆಕೆಂಡ್ ಓದುವವರಿಗೆ ಯುಗದಂತೆ ಅನ್ನಿಸುತ್ತದೆ, ಕೇಳುವವರಿಗೆ ಸಾಕಾಗುತ್ತದೆ.

ಹಕ್ಕುಸ್ವಾಮ್ಯ

ಧ್ವನಿಮುದ್ರಿಸಿ ಹಂಚುವುದಾದರೆ ಇದು ಮುಖ್ಯ. ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಪ್ರೇಮಚಂದ್ ತೀರಿಕೊಂಡದ್ದು 1936ರಲ್ಲಿ, ಜಯಶಂಕರ ಪ್ರಸಾದ್ 1937ರಲ್ಲಿ. ಇಬ್ಬರ ಬರಹವೂ ಈಗ ಮುಕ್ತ. ನಿರಾಲಾ (1961) 2022ರ ಜನವರಿಯಿಂದ, ಮುಕ್ತಿಬೋಧ್ (1964) ಬದುಕಿದ್ದಾಗ ಪ್ರಕಟವಾದ ಬರಹ 2025ರ ಜನವರಿಯಿಂದ ಮುಕ್ತ. ಫಣೀಶ್ವರನಾಥ ರೇಣು (1977), ಮಹಾದೇವಿ ವರ್ಮಾ (1987) ಇನ್ನೂ ಇಲ್ಲ. ಅವರ ಕೃತಿಗೆ ಅನುಮತಿ ಬೇಕು. ಮೂಲ ಮುಕ್ತವಾದರೂ ಇತ್ತೀಚಿನ ಸಂಪಾದಕರ ಮುನ್ನುಡಿ, ಟಿಪ್ಪಣಿ, ಅನುವಾದಗಳಿಗೆ ಬೇರೆ ಹಕ್ಕು ಇರುತ್ತದೆ. ಅವನ್ನು ಓದಿಗೆ ಸೇರಿಸಬೇಡಿ.

ಪಠ್ಯವನ್ನು ನಂಬುವ ಮುಂಚೆ

ಅಂತರ್ಜಾಲದಲ್ಲಿ ಸಿಗುವ ಪ್ರೇಮಚಂದರ ಪಠ್ಯಗಳಲ್ಲಿ ಬೆರಳಚ್ಚಿನ ತಪ್ಪು ಧಾರಾಳ. ‘ಈದ್‌ಗಾಹ್’ ಕಥೆಯ ಎರಡನೇ ವಾಕ್ಯವನ್ನೇ ನೋಡಿ. ಮೂವತ್ತು ರೋಜ಼ಾ ಮುಗಿದು ಈದ್ ಬಂದಿದೆ, ‘ಕಿತ್ನಾ ಮನೋಹರ್, ಕಿತ್ನಾ ಸುಹಾವ್ನಾ ಪ್ರಭಾತ್ ಹೈ’ ಎಂದು ಇರಬೇಕಾದ ಕಡೆ ಎಷ್ಟೋ ಪ್ರತಿಗಳಲ್ಲಿ ‘ಪ್ರಭಾವ್’ ಎಂದಿದೆ. ಬೆಳಗು ಹೋಗಿ ಪರಿಣಾಮ ಬಂತು! ಮುಂದಿನ ವಾಕ್ಯದಲ್ಲಿ ಮರದ ಹಸಿರು, ಹೊಲದ ಸೊಬಗು, ಆಕಾಶದ ಕೆಂಪು ಬರುತ್ತವೆ. ಬೆಳಗಿನ ಮಾತಿಲ್ಲದೆ ಅವು ಅನಾಥ. ಆದ್ದರಿಂದ ಎರಡು ಪ್ರತಿ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ. ಹಿಂದಿ ವಿಕಿಸೋರ್ಸ್‌ನಲ್ಲಿ ಹಲವು ಕೃತಿಗಳಿಗೆ ಪಕ್ಕದಲ್ಲೇ ಹಳೆಯ ಮುದ್ರಿತ ಪುಟದ ಚಿತ್ರವೂ ಇರುತ್ತದೆ, ಅದು ಕೈಗೆ ಸಿಕ್ಕರೆ ಅರ್ಧ ಕೆಲಸ ಹಗುರ.

ಅಕ್ಷರದ ಕೆಳಗಿನ ಚುಕ್ಕೆ, ಅಂದರೆ ನುಕ್ತಾ, ಬಹಳ ಪ್ರತಿಗಳಲ್ಲಿ ಬಿದ್ದುಹೋಗಿರುತ್ತದೆ. ನಿಘಂಟು ನೋಡಿ ನೀವೇ ಪೆನ್ಸಿಲ್ಲಿನಲ್ಲಿ ಹಾಕಿಕೊಳ್ಳಿ.

ಓದುಪ್ರತಿ ತಯಾರಿ

ಮೊಬೈಲ್ ನೋಡಿ ಓದಬೇಡಿ. ಸಾಲು ಮುರಿಯುವ ಜಾಗ ನಿಮ್ಮ ಉಸಿರಿನ ಜಾಗವಾಗಿಬಿಡುತ್ತದೆ. 16 ಪಾಯಿಂಟ್ ಅಕ್ಷರದಲ್ಲಿ, ಒಂದೂವರೆ ಸಾಲಿನ ಅಂತರದಲ್ಲಿ, ಹಾಳೆಯ ಒಂದೇ ಬದಿಗೆ ಮುದ್ರಿಸಿ. ಬಲಗಡೆ ನಾಲ್ಕು ಬೆರಳು ಅಂಚು ಬಿಡಿ. ಪುಟದ ಕೊನೆಯಲ್ಲಿ ವಾಕ್ಯ ಮುಗಿಯುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಹಾಳೆ ತಿರುವುವ ಸದ್ದು ವಾಕ್ಯದ ನಡುವೆ ಬರುತ್ತದೆ. ಪಿನ್ನು ಹೊಡೆಯಬೇಡಿ, ಬಿಡಿ ಹಾಳೆಗಳನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಬಹುದು.

ಗುರುತುಗಳು ಮೂರು ಸಾಕು. ಒಂಟಿ ಗೆರೆ ಎಂದರೆ ಉಸಿರಿಲ್ಲದ ತಂಗು, ಜೋಡಿ ಗೆರೆ ಎಂದರೆ ಉಸಿರು, ಅಡಿಗೆರೆ ಎಂದರೆ ಒತ್ತು. ವಾಕ್ಯಕ್ಕೆ ಒಂದೇ ಅಡಿಗೆರೆ. ಎರಡು ಎಳೆದರೆ ಭಾಷಣವಾಗುತ್ತದೆ, ಮೂರು ಎಳೆದರೆ ಕೇಳುಗರು ಮುಖ್ಯವಾದದ್ದು ಯಾವುದೆಂದು ಹುಡುಕುತ್ತಾ ಕೂರುತ್ತಾರೆ.

ಕನ್ನಡದ ನಾಲಿಗೆ ಎಲ್ಲಿ ಎಡವುತ್ತದೆ

ಈ ಭಾಗಕ್ಕೆ ಒಂದು ವಾರವಾದರೂ ಕೊಡಿ. ಹಿಂದಿ ಚೆನ್ನಾಗಿ ಗೊತ್ತಿದ್ದೂ ಓದು ಪಾಠ ಒಪ್ಪಿಸಿದಂತೆ ಕೇಳುವುದು ಇಲ್ಲಿನ ತಪ್ಪುಗಳಿಂದ.

ಮೊದಲನೆಯದು ಅಕಾರ. ನಾವು ಬರೆದದ್ದನ್ನೆಲ್ಲ ಉಚ್ಚರಿಸುವವರು. ಹಿಂದಿಯವರು ಪದದ ಕೊನೆಯ ‘ಅ’ ನುಂಗುತ್ತಾರೆ. ರಾಮ ಅಲ್ಲ, ರಾಮ್. ಇದು ಎಲ್ಲರಿಗೂ ಗೊತ್ತು. ಎಡವುವುದು ಪದದ ನಡುವೆ. ‘ಸಮಝ’ ಎಂಬ ಧಾತುವಿಗೆ ‘ನಾ’ ಸೇರಿದರೆ ಸಮಝ್‌ನಾ, ಬರೀ ‘ಆ’ ಸೇರಿದರೆ ಸಮ್‌ಝಾ. ಅಕಾರ ಬೀಳುವ ಜಾಗವೇ ಬದಲಾಯಿತು. ಸುಲಭದ ಲೆಕ್ಕ ಇಷ್ಟು: ಪದವನ್ನು ಬಲದಿಂದ ಎಡಕ್ಕೆ ನೋಡುತ್ತ ಬನ್ನಿ, ಎರಡು ಕಡೆಯೂ ಸ್ವರವುಳ್ಳ ಅಕ್ಷರಗಳ ನಡುವೆ ಸಿಕ್ಕಿಕೊಂಡ ಮೊದಲ ಅಕಾರ ಬೀಳುತ್ತದೆ. ಒತ್ತಕ್ಷರದ ಪಕ್ಕದಲ್ಲಿದ್ದರೆ ಬೀಳುವುದಿಲ್ಲ. ‘ಸತ್ಯ’, ‘ಮಿತ್ರ’ ಪದಗಳ ಕೊನೆಯಲ್ಲಿ ಅರೆ ಅಕಾರ ಉಳಿಯುತ್ತದೆ. ಸಂದೇಹವಿದ್ದ ಪದಕ್ಕೆ ಅಂಚಿನಲ್ಲಿ ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ.

ಎರಡನೆಯದು ಐ ಮತ್ತು ಔ. ನಮ್ಮ ‘ಐದು’, ‘ಔಷಧ’ಗಳಲ್ಲಿ ಎರಡು ಸ್ವರ ಜಾರಿಕೊಂಡು ಹೋಗುತ್ತವೆ. ಹಿಂದಿಯ ‘ಹೈ’, ‘ಪೈಸಾ’ಗಳಲ್ಲಿ ಒಂದೇ ಸ್ವರ: ‘ಎ’ ಹೇಳಲು ಬಾಯಿ ತೆರೆದು, ಇನ್ನಷ್ಟು ಅಗಲಿಸಿ ಎಳೆದರೆ ಹತ್ತಿರ ಬರುತ್ತದೆ. ‘ಔರ್’, ‘ಕೌನ್’ ಪದಗಳ ಸ್ವರ, ಆಫೀಸ್ ಎಂಬುದನ್ನು ಇಂಗ್ಲಿಷ್ ರೀತಿಯಲ್ಲಿ ಹೇಳಿದಾಗ ಬರುವ ಮೊದಲ ಸ್ವರದ ಹತ್ತಿರ. ‘ಹೈ’ ಪ್ರತಿ ಎರಡನೇ ವಾಕ್ಯದ ಕೊನೆಗೆ ಬರುವ ಪದವಾದ್ದರಿಂದ ಇದೊಂದನ್ನು ತಿದ್ದಿಕೊಂಡರೆ ಇಡೀ ಓದಿನ ಬಣ್ಣ ಬದಲಾಗುತ್ತದೆ. ‘ಭೈಯಾ’, ‘ಕೌಆ’ ಮಾತ್ರ ನಮ್ಮ ಹಾಗೆಯೇ.

ಹಕಾರದ ಪಕ್ಕದ ಅಕಾರವೂ ಬದಲಾಗುತ್ತದೆ. ಬರಹದಲ್ಲಿ ಕಹನಾ, ಬಾಯಲ್ಲಿ ಕೆಹ್‌ನಾ; ಬಹುತ್ ಹೋಗಿ ಬೊಹೊತ್; ಯಹ, ವಹ ಎಂದಿರುವುದು ಯೆ, ವೊ. ಗದ್ಯ ಓದುವಾಗ ‘ವಹ’ ಎಂದು ಬಿಡಿಸಿ ಓದಿದರೆ ಹಿಂದಿ ಮೇಷ್ಟರು ಉಕ್ತಲೇಖನ ಕೊಟ್ಟ ಹಾಗೆ ಕೇಳುತ್ತದೆ.

ಮಹಾಪ್ರಾಣ: ಆಡುಗನ್ನಡದಲ್ಲಿ ನಾವು ಇದನ್ನು ಬಿಟ್ಟು ಬಹಳ ಕಾಲವಾಗಿದೆ. ನಮ್ಮ ದರ್ಶಿನಿಯ ಬೋರ್ಡಿನಲ್ಲಿ ‘ಬಾತ್’ ಎಂದಿದ್ದರೆ ಅನ್ನ ಸಿಗುತ್ತದೆ. ಹಿಂದಿಯಲ್ಲಿ ಬಾತ್ ಎಂದರೆ ಮಾತು, ಅನ್ನಕ್ಕೆ ಭಾತ್. ತುಟಿಯಿಂದ ಮೂರು ಬೆರಳು ದೂರದಲ್ಲಿ ತೆಳು ಕಾಗದದ ಪಟ್ಟಿ ಹಿಡಿದು ಪಲ್–ಫಲ್, ಕಾನಾ–ಖಾನಾ ಹೇಳಿ. ಎರಡನೆಯದಕ್ಕೆ ಕಾಗದ ಅಲುಗಬೇಕು, ಮೊದಲನೆಯದಕ್ಕೆ ಅಲುಗಬಾರದು. ದಿನಕ್ಕೆ ಐದು ನಿಮಿಷ ಸಾಕು.

ಚುಕ್ಕೆಯ ಡಕಾರಕ್ಕೆ ಹೊಸದೇನೂ ಕಲಿಯಬೇಕಾಗಿಲ್ಲ. ‘ನೋಡು’, ‘ಮಾಡು’ ಎಂದು ಬೇಗ ಹೇಳಿದಾಗ ನಾಲಿಗೆ ಹಿಂದೆ ಮಡಿಚಿ ಒಮ್ಮೆ ಮುಂದಕ್ಕೆ ಚಿಮ್ಮುತ್ತದಲ್ಲ, ‘ಲಡ಼್ಕಾ’ದಲ್ಲಿ ಬೇಕಾದದ್ದು ಅದೇ. ಅದಕ್ಕೆ ಉಸಿರು ಸೇರಿದರೆ ಢ಼: ಪಡ಼್‌ನಾ ಎಂದರೆ ಬೀಳುವುದು, ಪಢ಼್‌ನಾ ಎಂದರೆ ಓದುವುದು. ಓದಲು ಕೂತವರು ಬಿದ್ದರೆ ಚೆನ್ನಾಗಿರುವುದಿಲ್ಲ.

ನುಕ್ತಾದ ಅಕ್ಷರಗಳಲ್ಲಿ ಜ಼ ಮತ್ತು ಫ಼ ಬಿಡುವಂತಿಲ್ಲ. ರಾಜ್ ಎಂದರೆ ಆಳ್ವಿಕೆ, ರಾಜ಼್ ಎಂದರೆ ಗುಟ್ಟು. ‘ಕಫ಼ನ್’ (ಹೆಣಕ್ಕೆ ಹೊದಿಸುವ ಬಟ್ಟೆ) ಅನ್ನು ಚುಕ್ಕೆಯಿಲ್ಲದೆ ಹೇಳಿದರೆ ನಮ್ಮ ಕಿವಿಗೆ ಎದೆಯ ಕಫ ನೆನಪಾಗುತ್ತದೆ. ಕ಼, ಖ಼, ಗ಼ ಬಂದರೆ ಸೊಗಸು; ಬಾರದಿದ್ದರೆ ಸಾದಾ ಉಚ್ಚಾರವೇ ಸರಿ, ಗಂಟಲು ಕೆರೆದುಕೊಳ್ಳಬೇಕಿಲ್ಲ. ಇದಕ್ಕಿಂತ ಕೆಟ್ಟ ತಪ್ಪು ಎಂದರೆ ಇಲ್ಲದ ಕಡೆ ಚುಕ್ಕೆ ಹಾಕುವುದು: ‘ಫಿರ್’, ‘ಫೂಲ್’, ‘ಮಜ್‌ಬೂರ್’ಗಳಲ್ಲಿ ಚುಕ್ಕೆ ಇಲ್ಲ.

ಉಳಿದವು ಚಿಕ್ಕವು. ಜ್ಞ ಅನ್ನು ಗ್ಯ ಎನ್ನಿ, ಋ ಅನ್ನು ರಿ ಎನ್ನಿ. ‘ಮೇಂ’, ‘ನಹೀಂ’ ಪದಗಳ ಕೊನೆಗೆ ತುಟಿ ಮುಚ್ಚಬೇಡಿ. ಮುಚ್ಚಿದರೆ ಮಕಾರ ಬರುತ್ತದೆ. ಸ್ವರವನ್ನೇ ಮೂಗಿನಿಂದ ಬಿಡಿ.

ದನಿ: ನಟನೆ ಎಷ್ಟು

ಸ್ವಲ್ಪವೇ. 1975ರಲ್ಲಿ ದೇವೇಂದ್ರ ರಾಜ್ ಅಂಕುರ್ ನಿರ್ಮಲ್ ವರ್ಮಾರ ಮೂರು ಕಥೆಗಳನ್ನು ‘ತೀನ್ ಏಕಾಂತ್’ ಹೆಸರಿನಲ್ಲಿ ರಂಗಕ್ಕೆ ತಂದಾಗ ಕಥೆಯನ್ನು ನಾಟಕವಾಗಿ ತಿರುಗಿಸಲಿಲ್ಲ. ನಿರೂಪಣೆಯ ಸಾಲುಗಳನ್ನೂ ಹಾಗೇ ಉಳಿಸಿಕೊಂಡರು. ‘ಕಹಾನೀ ಕಾ ರಂಗಮಂಚ್’ ಎಂದು ಹೆಸರಾದ ಆ ದಾರಿಯಿಂದ ಓದುವವರು ಕಲಿಯಬೇಕಾದದ್ದು ಇದೆ: ಕಥೆಯ ಮುಖ್ಯ ಪಾತ್ರ ನಿರೂಪಕ.

‘ಪೂಸ್ ಕೀ ರಾತ್’ ಹೀಗೆ ಶುರುವಾಗುತ್ತದೆ: ಹಲ್ಕೂ ಒಳಗೆ ಬಂದು ಹೆಂಡತಿಗೆ, ಸಹನಾ ಬಂದಿದ್ದಾನೆ, ಇಟ್ಟ ದುಡ್ಡು ಕೊಡು, ಕೊಟ್ಟುಬಿಡುತ್ತೇನೆ ಎನ್ನುತ್ತಾನೆ. ಇರುವುದು ಮೂರೇ ರೂಪಾಯಿ, ಕಂಬಳಿಗೆಂದು ಕೂಡಿಟ್ಟದ್ದು. ಇಲ್ಲಿ ಅಳು ದನಿ ತೆಗೆದರೆ ಕಥೆ ಮೊದಲ ಸಾಲಲ್ಲೇ ಮುಗಿಯುತ್ತದೆ. ಅವನು ಸಾಲ ಕೊಟ್ಟ ಸಹನಾನನ್ನು ಸಾಗಹಾಕುವ ಅವಸರದಲ್ಲಿದ್ದಾನೆ, ಅವಸರವನ್ನಷ್ಟೇ ಓದಿ. ಮುನ್ನಿಯ ಉತ್ತರಕ್ಕೆ ದನಿ ಸಣ್ಣಗೆ ಮಾಡಬೇಡಿ, ವೇಗ ಮಾತ್ರ ಬದಲಿಸಿ. ಪಾತ್ರಗಳನ್ನು ಬೇರ್ಪಡಿಸಲು ವೇಗ ಮೊದಲ ಸಾಧನ, ಒತ್ತು ಎರಡನೆಯದು, ಶ್ರುತಿ ಕೊನೆಯದು. ಮುಂದೆ ಹೊಲದಲ್ಲಿ ಅವನು ಜಬರಾನ ಜೊತೆ ಮಾತಾಡುವಾಗ ಹಲ್ಲು ಕಟಕಟಿಸಿ ತೋರಿಸುವ ಆಸೆ ಬರುತ್ತದೆ. ಬೇಡ. ವಾಕ್ಯಗಳ ನಡುವಿನ ಬಿಡುವು ಉದ್ದ ಮಾಡಿ, ಚಳಿ ತಾನೇ ಬರುತ್ತದೆ.

ಪ್ರೇಮಚಂದರ ವ್ಯಂಗ್ಯಕ್ಕೂ ಇದೇ ಮಾತು. ನಗುತ್ತಾ ಓದಿದರೆ ಕೇಳುಗರಿಗೆ ನಗು ಬರುವುದಿಲ್ಲ.

‘ಈದ್‌ಗಾಹ್’ದಲ್ಲಿ ಇನ್ನೊಂದು ತೊಡಕು. ಹುಡುಗರ ಮಾತು ನಾಟಕದ ಹಾಗೆ, ಹೆಸರು, ಅಡ್ಡಗೆರೆ, ಮಾತು ಎಂಬ ಕ್ರಮದಲ್ಲಿ ಬರುತ್ತದೆ. ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿದರೆ ಕೋರ್ಟಿನಲ್ಲಿ ಸಾಕ್ಷಿ ಕರೆದಂತೆ. ಬಿಟ್ಟುಬಿಟ್ಟರೆ ಮಹಮೂದ್ ಯಾರು, ಮೊಹಸಿನ್ ಯಾರು ತಿಳಿಯದು. ಹೆಸರನ್ನು ತಗ್ಗಿದ ದನಿಯಲ್ಲಿ, ಮುಂದೆ ತಂಗದೆ, ಮಾತಿಗೆ ಅಂಟಿಸಿ ಓದಿ. ಎರಡು ಪುಟ ಹೋದ ಮೇಲೆ ಕೇಳುಗರ ಕಿವಿ ಅದನ್ನು ಗಮನಿಸುವುದನ್ನೇ ಬಿಡುತ್ತದೆ.

ಹಳೆಯ ಪದ, ಹಳೆಯ ದುಡ್ಡು, ನೋಯಿಸುವ ಮಾತು

ಓದಿನ ನಡುವೆ ಅರ್ಥ ಹೇಳಲು ನಿಲ್ಲಬಾರದು. ಮುಂಚೆಯೇ ಒಂದೂವರೆ ನಿಮಿಷದ ಪೀಠಿಕೆ ಕೊಡಿ, ಅದರಲ್ಲಿ ಐದಕ್ಕಿಂತ ಹೆಚ್ಚು ಪದ ಬೇಡ. ಸಂದರ್ಭದಿಂದ ತಾನೇ ತಿಳಿಯುವ ಪದವನ್ನು ಬಿಡಿ. ಅದಿಲ್ಲದೆ ಕಥೆಯ ಕೀಲೇ ಕಳಚುವಂಥ ಪದವನ್ನು ಮಾತ್ರ ಹೇಳಿ. ‘ಉಸ್ನೇ ಕಹಾ ಥಾ’ದಲ್ಲಿ ಹುಡುಗ ಕೇಳುವ ‘ತೇರೀ ಕುಡ಼್‌ಮಾಈ ಹೋ ಗಈ?’ ಎಂಬ ಪ್ರಶ್ನೆಯ ‘ಕುಡ಼್‌ಮಾಈ’ ಅಂಥದು. ಪಂಜಾಬಿಯಲ್ಲಿ ನಿಶ್ಚಿತಾರ್ಥ. ಹುಡುಗಿಯ ‘ಧತ್’ ಎಂಬ ಉತ್ತರಕ್ಕೆ ವಿವರಣೆ ಬೇಡ, ಅದು ಎಲ್ಲ ಊರಿನ ಹುಡುಗಿಯರಿಗೂ ಗೊತ್ತು.

‘ಈದ್‌ಗಾಹ್’ಕ್ಕೆ ಹೇಳಲೇಬೇಕಾದದ್ದು ದುಡ್ಡಿನ ಲೆಕ್ಕ. 1957ರ ಏಪ್ರಿಲ್‌ನಲ್ಲಿ ದಶಮಾಂಶ ಪದ್ಧತಿ ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಅಂದರೆ ರೂಪಾಯಿಗೆ 64 ಪೈಸೆ. ಕಥೆಯ ಮುಖ್ಯ ಹುಡುಗ ಹಾಮಿದನ ಹತ್ತಿರ ಇರುವುದು ಮೂರು ಪೈಸೆ, ಮುಕ್ಕಾಲಾಣೆ. ಮಹಮೂದನ ಹತ್ತಿರ ಹನ್ನೆರಡು, ಮೊಹಸಿನನ ಹತ್ತಿರ ಹದಿನೈದು. ಚಿಮಟಾದ, ಅಂದರೆ ಇಕ್ಕಳದ, ಅಂಗಡಿಯವನು ಆರರಿಂದ ಐದಕ್ಕೆ ಇಳಿಯುತ್ತಾನೆ, ಹುಡುಗ ಮೂರಕ್ಕೆ ಕೇಳುತ್ತಾನೆ. ಮೂರು ಎಂದರೆ ಅವನಲ್ಲಿರುವ ಅಷ್ಟೂ ಎಂಬುದು ಕೇಳುಗರ ತಲೆಯಲ್ಲಿ ಆಗಲೇ ಇದ್ದರೆ ಆ ಚೌಕಾಸಿಯಲ್ಲಿ ಯಾರೂ ಕೆಮ್ಮುವುದಿಲ್ಲ. ಪೀಠಿಕೆಯಲ್ಲಿ ‘ಮೂರು ಪೈಸೆ ಎಂದರೆ ಒಂದಾಣೆಯೂ ಅಲ್ಲ’ ಎಂದರೆ ಸಾಕು. ಇಂದಿನ ರೂಪಾಯಿಗೆ ಪರಿವರ್ತಿಸಿ ಹೇಳಬೇಡಿ, ಗಮನ ಲೆಕ್ಕದ ಕಡೆ ಹೋಗುತ್ತದೆ.

ಜಾತಿಯ ಹೆಸರುಗಳ ವಿಷಯ ಬೇರೆ. ಪ್ರೇಮಚಂದರ ‘ಕಫ಼ನ್’ ಕಥೆ ಆರಂಭದಲ್ಲೇ ಘೀಸೂ, ಮಾಧವರ ಜಾತಿಯನ್ನು ಹೆಸರಿಸಿ, ಊರಿಗೆಲ್ಲ ಕೆಟ್ಟ ಹೆಸರಿನ ಕುಟುಂಬ ಎನ್ನುತ್ತದೆ. ಈ ಚಿತ್ರಣದ ಬಗ್ಗೆ ಹಿಂದಿಯ ದಲಿತ ಲೇಖಕರು ಗಟ್ಟಿಯಾದ ಆಕ್ಷೇಪ ಎತ್ತಿದ್ದಾರೆ. ಪದವನ್ನು ನುಂಗಿ ಓದುವುದು ಎರಡೂ ಕಡೆಗೆ ಅನ್ಯಾಯ. ಪೀಠಿಕೆಯಲ್ಲಿ ನೇರವಾಗಿ ಹೇಳಿ, ಓದಿನಲ್ಲಿ ಒತ್ತು ಕೊಡದೆ ಓದಿ, ಕೊನೆಗೆ ಮಾತಿಗೆ ಅರ್ಧ ಗಂಟೆ ಇಡಿ. ಮಾತಿಗೆ ಸಮಯವಿಲ್ಲದ ಸಭೆಗೆ ಈ ಕಥೆ ಆರಿಸಬೇಡಿ.

ಪದ್ಯಕ್ಕೆ ಬಂದರೆ ನಿಯಮ ತಿರುಗುಮುರುಗು

ಇಲ್ಲಿ ಕನ್ನಡದವರಿಗೆ ಲಾಭ. ತುಳಸೀದಾಸರು ಸಂವತ್ 1631ರಲ್ಲಿ, ಅಂದರೆ 1574ರಲ್ಲಿ, ರಾಮಚರಿತಮಾನಸ ಬರೆಯಲು ತೊಡಗಿದ್ದು ಅವಧೀ ಭಾಷೆಯಲ್ಲಿ. ಅದರ ಚೌಪಾಈ ಎಂಬ ಛಂದಸ್ಸಿನ ಪ್ರತಿ ಪಾದಕ್ಕೆ 16 ಮಾತ್ರೆ. ಗದ್ಯದಲ್ಲಿ ನುಂಗಲು ಕಲಿತ ಅಕಾರವನ್ನು ಇಲ್ಲಿ ನುಂಗಿದರೆ ಮಾತ್ರೆ ಬೀಳುತ್ತದೆ. ‘ಮಂಗಲ ಭವನ ಅಮಂಗಲ ಹಾರೀ’: 4, 3, 5, 4, ಒಟ್ಟು 16. ಮಂಗಲ್ ಭವನ್ ಎಂದರೆ ತಾಳ ಕುಂಟುತ್ತದೆ. ಕೊನೆಯ ಅಕಾರವನ್ನು ಹಗುರವಾಗಿ ಮುಟ್ಟಿ ಹೋಗಿ.

ಇನ್ನೊಂದು ಸಾಲು ನೋಡಿ: ‘ಜೆಹಿ ಕೇಂ ಜೆಹಿ ಪರ ಸತ್ಯ ಸನೇಹೂ’. ದೇವನಾಗರಿಯಲ್ಲಿ ಹ್ರಸ್ವ ಎಕಾರಕ್ಕೆ ಬೇರೆ ಅಕ್ಷರವಿಲ್ಲ, ‘ಜೇಹಿ’ ಎಂದೇ ಕಾಣುತ್ತದೆ. ಹಾಗೆ ಓದಿದರೆ 18 ಮಾತ್ರೆ. ಎರಡು ಕಡೆಯೂ ಹ್ರಸ್ವ ಮಾಡಿ: 2, 2, 2, 2, 3, 5, ಸರಿಯಾಗಿ 16, ಎಂಟಕ್ಕೆ ಒಂದು ಸಣ್ಣ ತಂಗೂ ಸಿಗುತ್ತದೆ. ಎ–ಏ, ಒ–ಓ ಭೇದ ಹುಟ್ಟಿನಿಂದ ಇರುವ ನಮಗೆ ಇದು ಕಷ್ಟವೇ ಅಲ್ಲ. ಓದುಪ್ರತಿಯನ್ನು ಕನ್ನಡ ಲಿಪಿಯಲ್ಲೇ ಬರೆದುಕೊಂಡರೆ ಮಾತ್ರೆಯ ಲೆಕ್ಕ ಕಣ್ಣಿಗೇ ಕಾಣುತ್ತದೆ. ಗಮಕ ಕೇಳಿ ಬೆಳೆದವರಿಗೆ ಒಂದು ಎಚ್ಚರಿಕೆ: ಭಾಮಿನಿ ಷಟ್ಪದಿಯ ಮೂರು–ನಾಲ್ಕರ ನಡೆಯನ್ನು ಇದರ ಮೇಲೆ ಹೇರಬೇಡಿ.

ತಾಲೀಮು ಮತ್ತು ಧ್ವನಿಮುದ್ರಣ

ಐದು ಸುತ್ತು. ಮೊದಲು ಮೌನವಾಗಿ, ಎರಡನೆಯದರಲ್ಲಿ ಗುರುತು ಹಾಕುತ್ತಾ ಗಟ್ಟಿಯಾಗಿ, ಮೂರನೆಯದು ಗಡಿಯಾರ ಇಟ್ಟು, ನಾಲ್ಕನೆಯದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಪಠ್ಯ ನೋಡದೆ ಕೇಳಿ. ನಿಮಗೇ ವಾಕ್ಯ ತಪ್ಪಿಹೋದ ಜಾಗದಲ್ಲಿ ಗುರುತು ತಪ್ಪಿದೆ. ತಿದ್ದಿ ಐದನೆಯದು. ಅದಕ್ಕಿಂತ ಹೆಚ್ಚು ಓದಿದರೆ ಬಾಯಿಪಾಠದ ರಾಗ ಬಂದುಬಿಡುತ್ತದೆ.

ಧ್ವನಿಮುದ್ರಣಕ್ಕೆ ಫ್ಯಾನು, ಫ್ರಿಜ್ಜು ನಿಲ್ಲಿಸಿ. ಗೋಡೆಗೆ ಹತ್ತಿರ ಕೂರಬೇಡಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಕಡೆ ಮುಖ ಮಾಡಿ. ಮೈಕು ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಬಾಯ ಮೂಲೆಯ ಕಡೆ. ಹಿಂದಿಯಲ್ಲಿ ಮಹಾಪ್ರಾಣ ಜಾಸ್ತಿ, ಎದುರಿಗಿಟ್ಟರೆ ಪ್ರತಿ ಫ, ಭ, ಥ ಗಾಳಿಯ ಗುದ್ದಾಗಿ ಕೇಳುತ್ತದೆ. ಮುದ್ರಿಸುವಾಗ ದನಿಯ ಎತ್ತರ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಇರಲಿ. ಮೊದಲು ಹತ್ತು ಸೆಕೆಂಡ್ ಕೋಣೆಯ ಮೌನವನ್ನೇ ಮುದ್ರಿಸಿಕೊಳ್ಳಿ. ಕತ್ತರಿಸಿದ ಜಾಗಕ್ಕೆ ಅದನ್ನು ತುಂಬಬಹುದು. ತಪ್ಪಿದರೆ ಒಂದು ಚಪ್ಪಾಳೆ ಹೊಡೆದು ಇಡೀ ವಾಕ್ಯ ಮತ್ತೆ ಓದಿ. ಪದವನ್ನಷ್ಟೇ ತಿದ್ದಿ ಅಂಟಿಸಿದರೆ ಶ್ರುತಿ ಕೂಡುವುದಿಲ್ಲ. ಚಪ್ಪಾಳೆಯ ಗೆರೆ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ದೂರದಿಂದಲೇ ಕಾಣುತ್ತದೆ. ಉಸಿರಿನ ಸದ್ದನ್ನೆಲ್ಲ ಕಿತ್ತುಹಾಕಬೇಡಿ, ದೊಡ್ಡದನ್ನು ಮಾತ್ರ ತಗ್ಗಿಸಿ.

ಓದಿಗೆ ಒಂದು ಗಂಟೆ ಮುಂಚಿನಿಂದ ಹಾಲು, ಮೊಸರು ಬೇಡ. ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ನೀರು ಪಕ್ಕದಲ್ಲಿರಲಿ.

ಕೊನೆಯ ವಾಕ್ಯಕ್ಕೆ ದನಿ ಏರಿಸುವುದು ಬಹಳ ಜನರ ಅಭ್ಯಾಸ. ‘ಈದ್‌ಗಾಹ್’ ಅಜ್ಜಿ ಅಮೀನಾ ಸೆರಗೊಡ್ಡಿ ಮೊಮ್ಮಗನನ್ನು ಹರಸುತ್ತಾ ಅಳುವಲ್ಲಿ ಮುಗಿಯುತ್ತದೆ. ಇದರ ಗುಟ್ಟು ಹಾಮಿದನಿಗೆ ಏನು ತಿಳಿಯಬೇಕು ಎಂಬ ಉದ್ಗಾರ ಕೊನೆಯ ಸಾಲು. ಮುದ್ರಣದಲ್ಲಿ ಅಲ್ಲಿ ಆಶ್ಚರ್ಯಚಿಹ್ನೆ ಇದೆ. ಅದನ್ನು ನೋಡಬೇಡಿ, ಸಮ ದನಿಯಲ್ಲಿ, ಅದೇ ವೇಗದಲ್ಲಿ ಓದಿ, ಹಾಳೆ ಮುಟ್ಟದೆ ಮೂರು ಸೆಕೆಂಡ್ ಕೂತಿರಿ. ಧನ್ಯವಾದ ಹೇಳುವುದು ಆಮೇಲೆ.